ದುಂಬಿಯ ಪಕ್ಷಪಾತಿ

ಏಡ್ರಿಯನ್ ಚೈಕೋವ್‌ಸ್ಕಿ ಎಂಬ ಇಂಗ್ಲೆಂಡಿನ ಪುಣ್ಯಾತ್ಮ ಪ್ರಾಣಿಶಾಸ್ತ್ರ ಓದಿ ಸುಮ್ಮನಿರಲಿಲ್ಲ. 2008ರಿಂದ 2014ರೊಳಗೆ ‘ಶ್ಯಾಡೋಸ್ ಆಫ್ ದಿ ಆಪ್ಟ್’ ಎಂಬ ಸರಣಿಯಲ್ಲಿ 10 ದಪ್ಪ ಕಾದಂಬರಿ ಬರೆದು, ಮಳೆಗಾಲದಲ್ಲಿ ಕರೆಂಟಿಲ್ಲದೆ ಕೂತ ಕೊಡಗಿನ ನನ್ನಂಥವನ ತಲೆ ಕೆಡಿಸಿದ. ಅಲ್ಲಿ ಮನುಷ್ಯರದು ಒಂದೊಂದು ಹುಳದ ಕುಲ. ಇರುವೆಯವರು ಬಾಯಿಬಿಡದೆ ಮನಸ್ಸಿನಲ್ಲೇ ಮಾತಾಡುತ್ತಾರೆ. ಕಣಜದವರು ಅಂಗೈಯಿಂದ ಬೆಂಕಿ ಕಾರಿ ಸಾಮ್ರಾಜ್ಯ ಕಟ್ಟುತ್ತಾರೆ. ಮಂತ್ರ ಬಲ್ಲ ಪತಂಗದವರಿಗೆ ಯಂತ್ರವೆಂದರೆ ತಲೆಬುಡ ಗೊತ್ತಾಗುವುದಿಲ್ಲ. ಪಂಪ್‌ಸೆಟ್ಟಿನ ಮುಂದೆ ನಾನೂ ಅದೇ ಕುಲವೆಂದು ನನ್ನಾಕೆಯ ತೀರ್ಪು. ದುಂಬಿಯವರು ಮಾತ್ರ ಅಪ್ಪಟ ಚಿನ್ನ: ದುಡಿಯುವವರು, ಯಂತ್ರ ಕಟ್ಟುವವರು, ದೊಡ್ಡ ಕಾಲೇಜು ನಡೆಸುವವರು. ನಾನು ಅವರ ಪಕ್ಷ.

ಏಪ್ರಿಲ್‌ನಲ್ಲಿ ಕಾಂಡ ಕೊರೆಯುವ ಬೋರರ್ ಹುಳ ನೋಡಲು ನಮ್ಮ ಅರೇಬಿಕಾ ಕಾಫಿ ತೋಟಕ್ಕಿಳಿದೆವು. ಮೇಸ್ತ್ರಿ ತೊಗಟೆಯ ಮೇಲೆದ್ದ ಏಣು ಸವರಿ, ಗಿಡ ಕಿತ್ತು, ಕತ್ತಿಯಿಂದ ಕಾಂಡ ಸೀಳಿದ. ಒಳಗಿನಿಂದ ಸಾಕ್ಷಾತ್ ದುಂಬಿಯೇ ಬಂತು. ಸಪೂರ ಕಪ್ಪು ಮೈ, ಬೆನ್ನಿಗೆ ಬಿಳಿ ಪಟ್ಟೆ. ಅಂಗೈಗೆ ತೆಗೆದುಕೊಂಡೆ. ಮೀಸೆ ಅಲುಗಿಸಿತು. ಸಾಮ್ರಾಜ್ಯವನ್ನೇ ತಡೆದು ನಿಂತ ಕುಲ! ಹೆಬ್ಬೆರಳು ಹತ್ತಿ, ಸಭೆಯಲ್ಲಿ ಭಾಷಣಕ್ಕೆ ಎದ್ದ ಕಾದಂಬರಿಯ ದುಂಬಿ ನಾಯಕ ಸ್ಟೆನ್‌ವೋಲ್ಡ್ ಮೇಕರನಂತೆ ಗಂಭೀರವಾಗಿ ನಿಂತಿತು. ನಾನೂ ಸಭಿಕನಾಗಿ ನಿಂತೆ. ಮೇಸ್ತ್ರಿ ಒಮ್ಮೆ ಅದರ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ.

“ಸಾವ್ಕಾರ್ರೆ, ಪರಿಚಯದವರಾ?”

ಉತ್ತರ ಹುಡುಕುವಷ್ಟರಲ್ಲಿ ದುಂಬಿ ರೆಕ್ಕೆ ಬಿಚ್ಚಿ ಪಕ್ಕದ ತೋಟಕ್ಕೆ ಹಾರಿತು.

ಪಕ್ಕದ ತೋಟವೇ ಅದಕ್ಕೆ ಸ್ವರ್ಗ. ಬೋರರ್‌ಗೆ ಬಿಸಿಲು ಬೇಕು, ಅಲ್ಲಿನವರು ಮರದ ದುಡ್ಡಿನಾಸೆಗೆ ನೆರಳನ್ನೆಲ್ಲ ಕಡಿಸಿ, ಈಗ ನನ್ನ ಪುಸ್ತಕ ಕಂಡರೆ “ಮಕ್ಕಳ ಕತೆಯಾ?” ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಹುಳ ಹೊಕ್ಕ ಗಿಡಕ್ಕೆ ಮದ್ದಿಲ್ಲ, ಕಿತ್ತು ಸುಡಬೇಕು. ಹೀಗೆ ಸುಟ್ಟು ಸುಟ್ಟು ಸಾಕಾಗಿ ಕೊಡಗಿನಲ್ಲಿ ಎಷ್ಟೋ ಮಂದಿ ಅರೇಬಿಕಾ ಬಿಟ್ಟು ರೊಬಸ್ಟಾ ಹಾಕಿದರು. ಅಲ್ಲಿಗೂ ಕಾಯಿಕೊರಕ ಬಂತು, ಅದೂ ದುಂಬಿಯೇ. ಅದನ್ನು ಹಿಡಿಯಲು ಕಾಫಿ ಮಂಡಳಿಯವರು ತೋಟಕ್ಕೆ ಬಿಟ್ಟದ್ದು ಏನನ್ನು ಗೊತ್ತೇ? ಪುಟ್ಟ ಪರಾವಲಂಬಿ ಕಣಜಗಳನ್ನು. ಕಾದಂಬರಿಯ ಖಳರು ನಮ್ಮೂರಲ್ಲಿ ರಕ್ಷಕರು, ನಾಯಕರು ದರೋಡೆಕೋರರು!

ಆದರೂ ಓದಿ. ‘ಎಂಪೈರ್ ಇನ್ ಬ್ಲ್ಯಾಕ್ ಅಂಡ್ ಗೋಲ್ಡ್’ನಿಂದ ಶುರುಮಾಡಿ. ತೋಟವಿದ್ದವರು ಮಾತ್ರ ಬೋರರ್ ಹಾರುವ ತಿಂಗಳುಗಳಲ್ಲಿ ಪುಸ್ತಕ ಮುಚ್ಚಿಡಿ, ನೆರಳಿನ ಮರಗಳನ್ನು ಉಳಿಸಿಕೊಳ್ಳಿ.