ಕೀಟೋಪಕಾರ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಸಾರಾಂಶ: ಪ್ರಸ್ತುತ ಪ್ರಬಂಧವು ಅಮೆರಿಕದ ಅಲಬಾಮಾ ರಾಜ್ಯದ ಎಂಟರ್‌ಪ್ರೈಸ್ ಎಂಬ ಸಣ್ಣ ಊರಿನಲ್ಲಿ ಹತ್ತಿ ಹಾಳುಮಾಡಿದ ಮೂತಿಹುಳುವಿಗೆ ಕಟ್ಟಿಸಿದ ಸ್ಮಾರಕವನ್ನು ಪ್ರತಿಮಾಶಾಸ್ತ್ರೀಯ, ಕೀಟಶಾಸ್ತ್ರೀಯ ಹಾಗೂ ದಾನಶಾಸ್ತ್ರೀಯ ನೆಲೆಗಳಲ್ಲಿ ಮುಖಾಮುಖಿಯಾಗಿಸುತ್ತ, ಬೆಳೆನಾಶದ ಕಥನವನ್ನು ಸಕಾರಾತ್ಮಕ ಪರಿಪ್ರೇಕ್ಷ್ಯದಲ್ಲಿ ಮರುಓದಿಗೆ ಒಡ್ಡುವ ವಿನಮ್ರ ಪ್ರಯತ್ನವಾಗಿದೆ. ಈ ವಾಕ್ಯ ಒಂದೇ ಓದಿಗೆ ಅರ್ಥವಾದವರು ಪಿಎಚ್.ಡಿ. ಮಾರ್ಗದರ್ಶಕರಾಗಲು ಅರ್ಹರು.

ಕೀಲಿಪದಗಳು: ಹತ್ತಿ, ಹುಳ, ಹೆಂಗಸು, ಶೇಂಗಾ, ಸಾಲ, ಸಾಲ (ಎರಡನೆಯದು ಮೊದಲನೆಯದನ್ನು ತೀರಿಸಲು).

1. ಅಧ್ಯಯನದ ಅಗತ್ಯ

ರೈತರ ತರಬೇತಿ ಕಾರ್ಯಾಗಾರಗಳಲ್ಲಿ ಪರದೆಯ ಮೇಲೊಂದು ಬಾಣ ಮೂಡುತ್ತದೆ. ಅದು ಎಡಗಡೆಯ 'ಸಂಕಷ್ಟ'ದಿಂದ ಹೊರಟು ಬಲಗಡೆಯ 'ಅವಕಾಶ'ಕ್ಕೆ ಹೋಗಿ ಮುಟ್ಟುತ್ತದೆ. ನಡುವೆ ಏನಾಯಿತೆಂದು ಯಾರೂ ಕೇಳುವುದಿಲ್ಲ, ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಈ ಸಂಶೋಧನಾ ಅಂತರವನ್ನು ತುಂಬುವುದು ನಮ್ಮ ಘನ ಉದ್ದೇಶ.

2. ಪ್ರತಿಮೆಗಳ ಚತುರ್ವಿಧ ವರ್ಗೀಕರಣ

(ಅ) ಉಪಕಾರಿ-ಮಾನವ: ಇವು ವಿರಳ.

(ಆ) ಅಪಕಾರಿ-ಮಾನವ: ಇವು ಹೇರಳ. ಉದಾಹರಣೆ ಕೊಟ್ಟರೆ ಪ್ರಬಂಧವನ್ನು ಪೊಲೀಸ್ ಠಾಣೆಯಲ್ಲಿ ಮಂಡಿಸಬೇಕಾಗುತ್ತದೆ.

(ಇ) ಉಪಕಾರಿ-ಪ್ರಾಣಿ: ಕಾಡುಹಂದಿಯೊಡನೆ ಸೆಣಸಿ ಮಡಿದ ಕಾಳಿ ಎಂಬ ನಾಯಿಗೆ 10ನೇ ಶತಮಾನದಲ್ಲಿ ಆತಕೂರಿನಲ್ಲಿ ನೆಟ್ಟ ಕಲ್ಲು. ಕೆತ್ತನೆಯಲ್ಲಿ ಹಂದಿಯೂ ಇದೆ. ಆದರೆ ಹಂದಿಯಿಂದಲೇ ಊರು ಉದ್ಧಾರವಾಯಿತೆಂದು ಶಾಸನ ಬರೆದವನು ಹೇಳಲಿಲ್ಲ. ಅವನು ಯಾವ ಕಾರ್ಯಾಗಾರಕ್ಕೂ ಹೋದವನಲ್ಲ.

(ಈ) ಅಪಕಾರಿ-ಪ್ರಾಣಿ: ಇದೇ ನಮ್ಮ ವಸ್ತು. ಇದರ ಒಳಭೇದಗಳಾದ ಸಪಕ್ಷ, ಅಪಕ್ಷ, ಸಮೂತಿ, ನಿರ್ಮೂತಿಗಳನ್ನು ಮುಂದೆ ಚರ್ಚಿಸಲಾಗುವುದು. (ಚರ್ಚಿಸಿಲ್ಲ.)

3. ಯುಗವಿಭಜನೆ

ಪೂರ್ವಕೀಟ ಯುಗ: ಮೂತಿಹುಳು 1890ರ ದಶಕದ ಆರಂಭದಲ್ಲಿ ಮೆಕ್ಸಿಕೊದಿಂದ ಗಡಿ ದಾಟಿ ಟೆಕ್ಸಾಸಿಗೆ ಬಂತು. ಅಲ್ಲಿಂದ ವರ್ಷವರ್ಷವೂ ಪೂರ್ವಕ್ಕೆ ಸರಿದು 1915ರ ಹೊತ್ತಿಗೆ ಎಂಟರ್‌ಪ್ರೈಸ್ ಇರುವ ಕಾಫಿ ಕೌಂಟಿಯನ್ನು ತಲುಪಿತು. (ಚಿಕ್ಕಮಗಳೂರಿನವರು ತಕರಾರು ತೆಗೆಯಬಾರದು. ಅದು ಜಾನ್ ಕಾಫಿ ಎಂಬ ಸೇನಾನಿಯ ಹೆಸರು.) ಹೆಣ್ಣುಹುಳು ಹತ್ತಿಯ ಮೊಗ್ಗನ್ನು ಕೊರೆದು ಮೊಟ್ಟೆಯಿಡುತ್ತದೆ, ಮರಿ ಒಳಗೇ ತಿಂದು ಬೆಳೆಯುತ್ತದೆ, ಮೊಗ್ಗು ಉದುರುತ್ತದೆ. ಗಾತ್ರ ಸುಮಾರು ಆರು ಮಿಲಿಮೀಟರು.

ಶೂನ್ಯಕೀಟ ಯುಗ (1919–1949): ಹತ್ತಿ ಬಿಟ್ಟು ಶೇಂಗಾದಲ್ಲಿ ಲಾಭ ಕಂಡ ಊರು ಹುಳಕ್ಕೇ ಕೃತಜ್ಞತೆ ಹೇಳಹೊರಟಿತು; 1919ರ ಡಿಸೆಂಬರ್ 11ರಂದು ಊರಿನ ನಡುಬೀದಿಯಲ್ಲಿ ಸ್ಮಾರಕ ಅನಾವರಣಗೊಂಡಿತು. ನೀಳ ನಿಲುವಂಗಿಯ ಹೆಂಗಸು ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಹುಳ ಇರಲಿಲ್ಲ. ಹುಳದ ಸ್ಮಾರಕದಲ್ಲಿ ಹುಳವಿಲ್ಲದಿರುವುದನ್ನು 'ಅನುಪಸ್ಥಿತಿಯ ಉಪಸ್ಥಿತಿ' ಎನ್ನಬಹುದು. ಎನ್ನದಿದ್ದರೂ ನಡೆಯುತ್ತದೆ.

ಸಕೀಟ ಯುಗ (1949–1998): ಮೂವತ್ತು ವರ್ಷಗಳ ಮೇಲೆ ಲೂಥರ್ ಬೇಕರ್ ಎಂಬಾತ ದೊಡ್ಡದೊಂದು ಹುಳ ಮಾಡಿ ಅವಳ ಕೈಮೇಲೆ ಕೂರಿಸಿದ. ಆಮೇಲೆ ಅದನ್ನು ಕದಿಯುವುದು ಕಿಡಿಗೇಡಿಗಳಿಗೊಂದು ಚಟವಾಯಿತು.

ಪ್ರತಿಕೃತಿ ಯುಗ (1998ರಿಂದ): ಆ ವರ್ಷ ಹುಳವನ್ನು ಕಿತ್ತ ರಭಸಕ್ಕೆ ಮೂರ್ತಿಯೇ ಭಗ್ನವಾಯಿತು. ಮೂಲಮೂರ್ತಿ ಈಗ ಊರಿನ ಮ್ಯೂಸಿಯಮ್ಮಿನಲ್ಲಿದೆ, ಬೀದಿಯಲ್ಲಿರುವುದು ನಕಲು. ಅತ್ತ 1978ರಲ್ಲಿ ಶುರುವಾದ ಸರ್ಕಾರಿ ನಿರ್ಮೂಲನ ಕಾರ್ಯಕ್ರಮದಿಂದ ನಿಜವಾದ ಹುಳ ಅಲಬಾಮಾದಿಂದಲೇ ಕಾಲ್ತೆಗೆದಿದೆ. ಸ್ಮಾರಕದ ಫಲಕದಲ್ಲಿ ಸಮೃದ್ಧಿಯ ಹರಿಕಾರನೆಂದು ಹೊಗಳಿಸಿಕೊಂಡವನಿಗೆ ಕೊನೆಗೆ ದಕ್ಕಿದ್ದು ಕೀಟನಾಶಕ.

4. ದಾನಿವಿಚಾರ

ಸ್ಮಾರಕದ ಯೋಚನೆ ಬಾನ್ ಫ್ಲೆಮಿಂಗ್ ಎಂಬ ಸ್ಥಳೀಯ ವ್ಯಾಪಾರಿಯದು, ಖರ್ಚಿಗೂ ಅವನ ಕೈ ಸೇರಿತ್ತು. ಇಟಲಿಯಿಂದ ತರಿಸಿದ ಮೂರ್ತಿಗೆ ತಗುಲಿದ್ದು ಸುಮಾರು 1,800 ಡಾಲರ್. ಕೃತಜ್ಞತೆಯ ಫಲಕದಲ್ಲಿ ಕಟ್ಟಿಸಿದವರು 'ಎಂಟರ್‌ಪ್ರೈಸ್‌ನ ನಾಗರಿಕರು' ಎಂದಿದೆ. ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ತನ್ನ ಹೆಸರು, ತಂದೆಯ ಹೆಸರು, ಅಂಗಡಿಯ ಫೋನ್ ನಂಬರು ಬರೆಸಿ ಬೆಳಕು ಹೊರಬೀಳದಂತೆ ನೋಡಿಕೊಳ್ಳುವ ನಮ್ಮ ದಾನಪರಂಪರೆಗೆ ಇದೊಂದು ಸೈದ್ಧಾಂತಿಕ ಸವಾಲು.

ಆದರೆ ಯಾವ ನಾಗರಿಕರು? 1901ರ ಅಲಬಾಮಾ ಸಂವಿಧಾನ ಕಪ್ಪು ಜನರ ಮತದ ಹಕ್ಕನ್ನೇ ಕಿತ್ತುಕೊಂಡಿತ್ತು. ಕೋರಿಗೆ ಹೊಲ ಮಾಡಿ, ಧಣಿಯ ಅಂಗಡಿಯಲ್ಲಿ ಉದ್ದರಿ ತಂದು ಉಣ್ಣುತ್ತಿದ್ದವರಲ್ಲಿ ಅವರೇ ಬಹಳ. ಅಮೆರಿಕದ ದಕ್ಷಿಣದುದ್ದಕ್ಕೂ ಹುಳ ತಿಂದದ್ದು ಅವರ ಪಾಲನ್ನು. ಲಕ್ಷಗಟ್ಟಲೆ ಜನ ಊರು ಬಿಟ್ಟು ಉತ್ತರದ ನಗರಗಳಿಗೆ ಗುಳೆ ಹೋದ ಕಾರಣಗಳಲ್ಲಿ ಈ ಹುಳವೂ ಒಂದು. ಅವರು ಕಟ್ಟಿದ್ದು ಹಾಡುಗಳನ್ನು. ಚಾರ್ಲಿ ಪ್ಯಾಟನ್ 1929ರಲ್ಲಿ ಈ ಹುಳದ ಮೇಲೊಂದು ಬ್ಲೂಸ್ ಹಾಡಿ ರೆಕಾರ್ಡ್ ಮಾಡಿದ. ಗುಳೆ ಹೋದವರ ಹೆಸರಲ್ಲಿ ಫಲಕ ಬರೆಸಿದ್ದರೆ ಅದರಲ್ಲಿ 'ಕೃತಜ್ಞತೆ' ಇರುತ್ತಿತ್ತೇ?

ಅನಾವರಣಕ್ಕೆ ಮುಖ್ಯ ಭಾಷಣಕಾರನಾಗಿ ಬರಬೇಕಿದ್ದವನು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಗುಲಾಮಗಿರಿಯಲ್ಲಿ ಹುಟ್ಟಿ, ಟಸ್ಕೀಗೀ ವಿದ್ಯಾಸಂಸ್ಥೆಯಲ್ಲಿ ಪಾಠ ಹೇಳುತ್ತ, ಹತ್ತಿಯನ್ನೇ ನೆಚ್ಚಬೇಡಿ, ಶೇಂಗಾ ಹಾಕಿ ಎಂದು ಬಡ ಬೇಸಾಯಗಾರರಿಗೆ ತಿಳಿಹೇಳಿದವನು. ಮಳೆಗೆ ರೈಲುಹಳಿ ಕೊಚ್ಚಿಹೋಗಿ ಅವನಿಗೆ ಬರಲಾಗಲಿಲ್ಲ ಎನ್ನುತ್ತಾರೆ. ಮೂರ್ತಿಯ ಕೈಮೇಲೆ ಕೂರುವ ಯೋಗ ಹುಳಕ್ಕಿತ್ತು.

5. ಬಾಣದ ನಡುಭಾಗ

ಇನ್ನು ಪರಿಭಾಷೆ ಸಾಕು. ನಡೆದದ್ದು ಇಷ್ಟು. ಎಚ್.ಎಂ. ಸೆಷನ್ಸ್ ಎಂಬ ಊರಿನ ವ್ಯಾಪಾರಿ ವರ್ಜೀನಿಯಾ, ಉತ್ತರ ಕೆರೊಲಿನಾಗಳಲ್ಲಿ ಶೇಂಗಾ ಬೆಳೆ ನೋಡಿಬಂದ. ಸಾಲದಲ್ಲಿದ್ದ ಸಿ.ಡಬ್ಲ್ಯು. ಬ್ಯಾಸ್ಟನ್ ಎಂಬ ರೈತನೊಡನೆ 1916ರಲ್ಲಿ ಒಪ್ಪಂದ ಮಾಡಿಕೊಂಡ: ಬೀಜ ನನ್ನದು, ಬಿತ್ತುವ ಕೀಳುವ ಸಲಕರಣೆ ನನ್ನದು, ಬುಶೆಲ್ಲಿಗೆ ಒಂದು ಡಾಲರಿನಂತೆ ಮಾಲು ಕೊಳ್ಳುವವನೂ ನಾನೇ. ಬ್ಯಾಸ್ಟನ್ 8,000 ಬುಶೆಲ್ ಬೆಳೆದ, ಹಳೇ ಸಾಲ ತೀರಿಸಿದ, ಮೇಲೆ ಕೈಯಲ್ಲಿ ಕಾಸೂ ಉಳಿಯಿತು. ಅದನ್ನು ಕಂಡು ಉಳಿದವರೂ ಶೇಂಗಾ ಬಿತ್ತಿದರು.

ಬಾಣದ ನಡುವೆ ಇದ್ದದ್ದು ಇದು: ಬೀಜ, ಸಲಕರಣೆ, ಬಿತ್ತುವ ಮೊದಲೇ ಗೊತ್ತಾದ ಬೆಲೆ. ಬ್ಯಾಸ್ಟನ್‌ಗೆ ಬಂದದ್ದು ದಿಢೀರ್ ಸಕಾರಾತ್ಮಕ ಚಿಂತನೆಯಲ್ಲ, ಮಾಲು ಕೊಳ್ಳುವವನು. ಗುಲಾಬಿ ಕಾಯಿಕೊರಕ ಹತ್ತಿಕಾಯಿಯನ್ನು ಒಳಗಿಂದ ತಿಂದು ಹಾಕಿದ ವರ್ಷ ಅವಕಾಶ ಹುಡುಕಿ ಎಂದು ನಮ್ಮ ರೈತನಿಗೆ ಬೋಧಿಸುವವರು ಅವನ ಶೇಂಗಾಕ್ಕೆ ಮಾರುಕಟ್ಟೆಯಲ್ಲಿ ಏನು ದರ ಸಿಗುತ್ತದೆಂದು ಮಾತ್ರ ಹೇಳುವುದಿಲ್ಲ. ಸೋತವನ ಸೋಲಿಗೂ ಅವನ ಮನೋಭಾವವೇ ಕಾರಣ ಎಂದು ಮುಗಿಸುತ್ತಾರೆ. ಇದು ಬೋಧನೆಯಲ್ಲ, ಲೂಟಿಯಾದವನಿಗೆ ಹಾಕುವ ದಂಡ.

6. ಶಿಫಾರಸು

ಹುಳ ಬಾರದ ಊರು ಕಡಿಮೆ, ಸೆಷನ್ಸ್ ಬಂದ ಊರು ಇನ್ನೂ ಕಡಿಮೆ. ಆದ್ದರಿಂದ ಸಂಕಷ್ಟದ ಮಹಿಮೆ ಹೇಳಲು ಹಳ್ಳಿಗೆ ಹೊರಡುವವರು ಮೊದಲು ಬೀಜದ ಚೀಲ ಇಳಿಸಲಿ, ಬೆಲೆಯನ್ನು ಕಾಗದದ ಮೇಲೆ ಬರೆದು ಸಹಿ ಹಾಕಲಿ. ಆಮೇಲೆ ಎಷ್ಟು ಹೊತ್ತು ಬೇಕಾದರೂ ಭಾಷಣ ಮಾಡಲಿ, ಕೇಳುತ್ತೇವೆ.