ಗೆದ್ದಲಿಲ್ಲದ ಅಟ್ಟ

ಹಳೆಯ ಮನೆಗಳಲ್ಲಿ ಅಟ್ಟ ಹತ್ತಿದ ಸಾಮಾನು ಮತ್ತೆ ಕೆಳಗಿಳಿದದ್ದು ಅಪರೂಪ. ಕಾಲು ಮುರಿದ ತೊಟ್ಟಿಲು, ತಳ ಸೋರುವ ಹಂಡೆ, ಯಾರದೋ ಮದುವೆಯಲ್ಲಿ ಮಿಕ್ಕ ಲಗ್ನಪತ್ರಿಕೆಗಳ ಕಟ್ಟು, ಹಳೇ ಪಂಚಾಂಗ, ಎಲ್ಲವೂ ‘ಇರಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ’ ಎಂಬ ಒಂದೇ ಮಾತಿನ ಬಲದಿಂದ ಮೇಲೇರುತ್ತಿದ್ದವು. ಆದರೂ ಅಟ್ಟ ಕುಸಿದು ಯಾರ ತಲೆಯ ಮೇಲೂ ಬೀಳಲಿಲ್ಲ. ನಮ್ಮ ಪರವಾಗಿ ಮೇಲೊಂದು ಸಿಬ್ಬಂದಿ ಸಂಬಳವಿಲ್ಲದೆ ದುಡಿಯುತ್ತಿತ್ತು. ಕಾಗದಕ್ಕೆ ಗೆದ್ದಲು, ಬಟ್ಟೆಗೆ ಜಿರಲೆ, ಬುಟ್ಟಿಗೆ ಇಲಿ, ಇವರ ಕೈ ತಪ್ಪಿಸಿಕೊಂಡದ್ದಕ್ಕೆ ಹೆಂಚಿನ ಸಂದಿಯ ಮಳೆ. ಅಷ್ಟಾದ ಮೇಲೂ ಉಳಿದದ್ದನ್ನು ಹಬ್ಬಕ್ಕೆ ಸುಣ್ಣ ಬಳಿಯುವಾಗ ಹಳೇ ಪೇಪರಿನವನ ತಕ್ಕಡಿಗೆ ಹಾಕಿದರೆ ಮುಗಿಯಿತು. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ನಾವು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಫೋನಿಗೆ ಗೆದ್ದಲು ಹತ್ತುವುದಿಲ್ಲ. ಫಜೀತಿ ಶುರುವಾದದ್ದೇ ಅಲ್ಲಿಂದ.

ರೀಲಿನ ಕ್ಯಾಮೆರಾ ಇದ್ದ ಕಾಲದಲ್ಲಿ ಒಂದು ರೀಲಿಗೆ 36 ಫೋಟೋ. ಧಾರೆಗೆ ಇಷ್ಟು, ಆರತಕ್ಷತೆಗೆ ಇಷ್ಟು ಎಂದು ಮೊದಲೇ ಹಂಚಿಕೆಯಾಗುತ್ತಿತ್ತು. ಬೀಗರ ಕಡೆಯ ಗುಂಪು ಮೂರನೇ ಸಲ ವೇದಿಕೆ ಹತ್ತಿದರೆ, ‘ಬರೀ ಫ್ಲ್ಯಾಶ್ ಹೊಡಿ’ ಎಂದು ಫೋಟೋದವನಿಗೆ ಕಣ್ಸನ್ನೆ ಮಾಡುವ ಹಿರಿಯರಿದ್ದರು. ಈಗ ತೊಟ್ಟಿಲಲ್ಲಿ ಕೂಸು ಆಕಳಿಸಿದರೆ ಅದಕ್ಕೇ 36 ಆಗುತ್ತವೆ. ಪತ್ರಗಳ ಕಥೆಯೂ ಅಷ್ಟೆ. 2004ರ ಏಪ್ರಿಲ್ 1ರಂದು ಜಿಮೇಲ್ ಬಂದು ಒಂದು ಜಿಬಿ ಜಾಗ ಪುಕ್ಕಟೆ ಎಂದಾಗ ಎಷ್ಟೋ ಜನ ಏಪ್ರಿಲ್ ಫೂಲ್ ಮಾಡುತ್ತಿದ್ದಾರೆ ಎಂದುಕೊಂಡರು. ಆಗ ಹಾಟ್‌ಮೇಲಿನವರು ಪುಕ್ಕಟೆ ಕೊಡುತ್ತಿದ್ದದ್ದು 2 ಎಂಬಿ. ಇನ್ನು ಮೇಲೆ ಪತ್ರ ಅಳಿಸುವ ಅಗತ್ಯವೇ ಇಲ್ಲ ಎಂಬುದು ಜಿಮೇಲ್ ಕೊಟ್ಟ ಆಸೆ. ನಾವು ನಂಬಿದೆವು, ಅಳಿಸುವ ಅಭ್ಯಾಸವನ್ನೇ ಬಿಟ್ಟೆವು. ಆ ಒಂದು ಜಿಬಿ ಬೆಳೆದು 15 ಆಯಿತು. 2021ರ ಜೂನ್ 1ರಿಂದ ಗೂಗಲ್ ಫೋಟೋಸಿಗೆ ಏರಿಸುವ ಹೊಸ ಫೋಟೋಗಳೂ ಅದೇ ಲೆಕ್ಕಕ್ಕೆ ಬಿದ್ದವು. ಈಗ ಜಾಗ ತುಂಬಿದೆ, ಬಾಡಿಗೆ ಕಟ್ಟಿ ಎಂಬ ನೋಟೀಸು. ಕಟ್ಟುವವರು ಬಹಳ ಜನ ಇದ್ದಾರೆ. ಯಾವುದಕ್ಕೆ ಕಟ್ಟುತ್ತಿದ್ದೇವೆ ಎಂದು ಒಳಹೊಕ್ಕು ನೋಡಿದವರು ಕಡಿಮೆ.

ಒಂದು ಭಾನುವಾರ ನಾನು ಒಳಹೊಕ್ಕೆ. ಹಸಿರು ಗುರುತು ಹೊತ್ತ ಯುಪಿಐ ಸ್ಕ್ರೀನ್‌ಶಾಟುಗಳು ಮೊದಲು ಎದುರಾದವು: ಎಳನೀರಿಗೆ 40, ಮಲ್ಲಿಗೆಗೆ 30, ಝೆರಾಕ್ಸಿಗೆ 6. ಕರೆಂಟು ಮೀಟರು. ಮಾತ್ರೆ ಹಾಳೆಯ ಬೆನ್ನು. ಜೇಬಿನೊಳಗೆ ತಾನೇ ಕ್ಲಿಕ್ಕಿಸಿಕೊಂಡ ಕಗ್ಗತ್ತಲು. ಯಾವುದೋ ಮಾಲಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದ ಜಾಗ ಮರೆಯದಿರಲೆಂದು ತೆಗೆದ ‘ಬಿ 2’ ಎಂಬ ಹಳದಿ ಕಂಬ. ಕಾರು ಅವತ್ತೇ ಮನೆಗೆ ಬಂತು. ಕಂಬ ಇನ್ನೂ ನನ್ನ ಹತ್ತಿರವೇ ಇದೆ.

ಇವನ್ನೆಲ್ಲ ಅಳಿಸಲು ಮನಸ್ಸು ಮಾಡಿದರೆ ಸಾಕು. ಕಷ್ಟವಿರುವುದು ದೇವರುಗಳ ವಿಷಯದಲ್ಲಿ. ಭಾರತದ ಫೋನುಗಳು ಇಷ್ಟು ಬೇಗ ಏಕೆ ತುಂಬಿಹೋಗುತ್ತವೆ ಎಂದು ಗೂಗಲ್ ಸಂಶೋಧಕರು ಹುಡುಕಿ, ‘ಗುಡ್ ಮಾರ್ನಿಂಗ್’ ಚಿತ್ರಗಳತ್ತ ಬೆರಳು ತೋರಿಸಿದ್ದು 2018ರ ಆರಂಭದಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಂಥವನ್ನು ಹೆಕ್ಕಿ ಗುಡಿಸಲು ಕಂಪನಿಯ ಆ್ಯಪೂ ಬಂದಿತ್ತು. ಆದರೆ ಆ ಸಂಶೋಧಕರಿಗೆ ನನ್ನ ಸೋದರತ್ತೆ ಗೊತ್ತಿಲ್ಲ. ಸೋಮವಾರ ಈಶ್ವರ, ಮಂಗಳವಾರ ಆಂಜನೇಯ, ಗುರುವಾರ ರಾಯರು, ಶನಿವಾರ ತಿಮ್ಮಪ್ಪ, ಒಬ್ಬೊಬ್ಬರೂ ಗುಲಾಬಿ ಮತ್ತು ಕಾಫಿ ಕಪ್ಪಿನ ಸಮೇತ ಅವರ ಫೋನಿಗೆ ಬಿಜಯಂಗೈಯುತ್ತಾರೆ. ಫೋನು ನಿಂತೇಹೋದಾಗ, ಅಳಿಸಿಬಿಡೋಣ ಅತ್ತೆ ಅಂದೆ. ‘ದೇವರ ಪಟಾನ ಕಸದ ಡಬ್ಬಿಗೆ ಹಾಕ್ತೀಯಾ? ಏನು ಬಂತು ನಿಂಗೆ!’ ಅಂದರು.

ಅವರ ಮಾತಿನಲ್ಲಿ ನ್ಯಾಯವಿತ್ತು. ಗಾಜೊಡೆದ ಪಟವನ್ನೋ ವರ್ಷ ಮುಗಿದ ಕ್ಯಾಲೆಂಡರಿನ ಲಕ್ಷ್ಮಿಯನ್ನೋ ಅಶ್ವತ್ಥಕಟ್ಟೆಯ ಮೇಲಿಟ್ಟು ಕೈಮುಗಿದು ಬರಬಹುದು. ಫೋನಿನಲ್ಲಿ ಅಶ್ವತ್ಥಕಟ್ಟೆ ಎಲ್ಲಿದೆ? ಅಳಿಸಿದ್ದು ಕೂಡಲೇ ಹೋಗುವುದಿಲ್ಲ, ಗೂಗಲ್ ಫೋಟೋಸಿನ ಬುಟ್ಟಿಯಲ್ಲಿ 60 ದಿನ ಇರುತ್ತೆ ಎಂದು ಸಮಾಧಾನ ಹೇಳಿದೆ. ‘ಅಂದ್ರೆ ತ್ರಿಶಂಕು ಮಾಡ್ತಾರೆ ಅನ್ನು’ ಅಂದರು. ಕೊನೆಗೆ ದೊಡ್ಡ ಫೋನು ಕೊಡಿಸಿದ್ದಾಯಿತು. ಹಳೆಯ ದೇವರೆಲ್ಲ ಸಪರಿವಾರರಾಗಿ ಅದಕ್ಕೆ ವಾಸ್ತವ್ಯ ಬದಲಾಯಿಸಿದರು.

ನಂಬರುಗಳ ಪಟ್ಟಿ ಇನ್ನೊಂದು ಲೋಕ. ‘ಗ್ಯಾಸ್ ಹಳೇ ಮನೆ’, ‘ಪ್ಲಂಬರ್ ಹೊಸಬ’, ‘ಪ್ಲಂಬರ್ ಬೇಡ’. ಈ ಬೇಡವಾದವನನ್ನು ಅಳಿಸುವಂತೆಯೂ ಇಲ್ಲ. ಅಳಿಸಿದರೆ ಫೋನ್ ಮಾಡುತ್ತಿರುವುದು ಅವನೇ ಎಂದು ತಿಳಿಯುವುದು ಹೇಗೆ? ಸ್ವಲ್ಪ ಮೇಲೆ ದೊಡ್ಡಪ್ಪ ಇದ್ದಾರೆ. ತೀರಿಕೊಂಡು ವರ್ಷಗಳಾದವು, ನಂಬರು ಅಳಿಸಲು ಕೈ ಬಂದಿಲ್ಲ. ನಮ್ಮಲ್ಲಿ ನಿಂತುಹೋದ ಮೊಬೈಲ್ ನಂಬರನ್ನು 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಕೊಡಬಹುದು, ಕೊಡುತ್ತಾರೆ. ಹಾಗಾಗಿ, ಬದುಕಿದ್ದಾಗ ಪಂಚೆ ಶಲ್ಯ ಬಿಟ್ಟು ಬೇರೆ ಉಡದ ದೊಡ್ಡಪ್ಪ ಈಗ ನನ್ನ ವಾಟ್ಸಾಪಿನಲ್ಲಿ ಕೂಲಿಂಗ್ ಗ್ಲಾಸು ಹಾಕಿ ಬುಲೆಟ್ಟಿಗೆ ಒರಗಿ ನಿಂತಿದ್ದಾರೆ. ಈಚೆಗೆ ಡಿಪಿ ಬದಲಾಯಿತು. ಪಕ್ಕದಲ್ಲಿ ಬಾಸಿಂಗ ಕಟ್ಟಿದ ಹುಡುಗಿ. ದೊಡ್ಡಮ್ಮನಿಗೆ ತೋರಿಸಿಲ್ಲ.

ಅಳಿಸಲಾಗದೆ ನಾವು ಒದ್ದಾಡುತ್ತಿದ್ದರೆ, ಉಳಿಸಿಕೊಳ್ಳಲಾಗದ ಕಾಲವೂ ಒಂದಿತ್ತು. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ಗದ್ಯ ಬರೆದವರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ನೆನೆಯುತ್ತದೆ. ಅವರು ಬರೆದ ಗದ್ಯ ನಮ್ಮವರೆಗೆ ಬರಲೇ ಇಲ್ಲ. ತಾಳೆಗರಿ ತಾನಾಗಿ ಚಿರಕಾಲ ಬಾಳುವುದಿಲ್ಲ. ಒಂದು ಪ್ರತಿ ಶಿಥಿಲವಾಗುವಷ್ಟರಲ್ಲಿ ಯಾರಾದರೂ ಕಬ್ಬಿಣದ ಕಂಠ ಹಿಡಿದು ಕೂತು ಇನ್ನೊಂದನ್ನು ಕೊರೆಯಬೇಕು. ಕೊರೆಯುವವರಿದ್ದರೆ ಕಾವ್ಯ ಉಳಿಯಿತು, ಇಲ್ಲದಿದ್ದರೆ ಇಲ್ಲ. ದುರ್ವಿನೀತನಿಗೆ ಆ ಭಾಗ್ಯವಿರಲಿಲ್ಲ. ಕಾಫಿ ಕಪ್ಪಿನ ಆಂಜನೇಯನಾದರೋ ಫೋನಿನಲ್ಲೊಂದು, ಲ್ಯಾಪ್‌ಟಾಪಿನಲ್ಲೊಂದು, ಕ್ಲೌಡಿನಲ್ಲೊಂದು ಎಂದು ಮೂರು ಪ್ರತಿಗಳಲ್ಲಿ, ಪಾಠಾಂತರವೇ ಇಲ್ಲದೆ ನೆಲೆಸಿದ್ದಾನೆ.

ಹಾಗಂತ ಕಂಪ್ಯೂಟರಿಗೆ ಹಾಕಿದ್ದೆಲ್ಲ ಚಿರಂಜೀವಿಯೂ ಅಲ್ಲ. ಇಲ್ಲಿಯ ಸವೆತಕ್ಕೆ ರುಚಿಯೇ ಉಲ್ಟಾ. ಬಿ 2 ಕಂಬವನ್ನು ಅದು ಮುಟ್ಟುವುದಿಲ್ಲ, ಅಜ್ಜಿಯ ಸೋಬಾನೆ ಪದಗಳ ಫೈಲಿಗೆ ಬಾಯಿ ಹಾಕುತ್ತದೆ. ಅಜ್ಜಿ ಹೇಳುತ್ತ ಹೋದದ್ದನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿಟ್ಟದ್ದು ಅದು. ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮ ಅಕ್ಷರಗಳು ರೋಮನ್ ಅಕ್ಷರಗಳ ಸಂಕೇತಗಳನ್ನೇ ಎರವಲು ಪಡೆದು ಬದುಕುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಮಾಯ, ಟೋಪಿ ಕೊಕ್ಕೆಗಳನ್ನು ತೊಟ್ಟ ಪಿ, ಕ್ಯೂ, ಎಗಳ ಸಂತೆ. ಬದಲಾಯಿಸಿಕೊಡುವ ತಂತ್ರಾಂಶಗಳಿವೆ. ಅಂಥದೊಂದರಲ್ಲಿ ಹಾಕಿ ತೆಗೆದೆ. ಮುಕ್ಕಾಲು ಭಾಗ ಸರಿಯಾಗಿ ಬಂತು. ಕೆಲವು ಕಡೆ ಅರ್ಕಾವತ್ತು ಜಾಗ ತಪ್ಪಿತ್ತು, ಒತ್ತಕ್ಷರ ಕಳಚಿತ್ತು. ಒಂದೊಂದೇ ಸಾಲು ತಿದ್ದುತ್ತ ಕೂತೆ. ತಿದ್ದಬೇಕಾದರೆ ಓದಬೇಕು, ಓದುತ್ತ ಓದುತ್ತ ಬಾಯಲ್ಲಿ ಧಾಟಿ ಬಂತು. ಟೈಪು ಮಾಡಿದ ಮೇಲೆ ಆ ಪದಗಳನ್ನು ನಾನು ನೋಡಿದ್ದು ಅದೇ ಮೊದಲು.

ಯಾವುದನ್ನು ಎಸೆಯಲಿ ಎಂದು ಹುಡುಕಲು ಕೂತರೆ ಈ ಜನ್ಮದಲ್ಲಿ ಮುಗಿಯುವುದಿಲ್ಲ. ಯಾವುದನ್ನು ಕೂತು ಮತ್ತೆ ಬರೆದೇನು ಎಂದು ಕೇಳಿಕೊಂಡರೆ ಪಟ್ಟಿ ಒಂದು ಹಾಳೆ ದಾಟುವುದಿಲ್ಲ. ಆ ಹಾಳೆಯಷ್ಟನ್ನು ನೋಡಿಕೊಂಡರೆ ಮಿಕ್ಕದ್ದು ಇದ್ದರೇನು, ಹೋದರೇನು.

ತಿದ್ದಿದ ಪದಗಳನ್ನು ಪ್ರಿಂಟು ತೆಗೆದು ಅತ್ತೆಗೂ ಒಂದು ಪ್ರತಿ ಕೊಟ್ಟೆ. ಮೂರನೇ ಪದದಲ್ಲಿ ಎರಡು ಸಾಲು ಬಿಟ್ಟುಹೋಗಿದೆ, ನಮ್ಮಮ್ಮ ಹೀಗೆ ಹೇಳ್ತಿರಲಿಲ್ಲ ಎಂದು ಅವರು ಇಡೀ ಪದವನ್ನು ಹಾಡಿ ವಾಟ್ಸಾಪಿಗೆ ಕಳಿಸಿದ್ದಾರೆ, ನಡುವೆ ಕುಕ್ಕರ್ ಸೀಟಿ ಸಮೇತ. ಇಳಿಸಿಕೊಳ್ಳಲು ಹೋದರೆ ಫೋನು ಜಾಗವಿಲ್ಲ ಅಂದಿತು. ಬಿ 2 ಕಂಬಕ್ಕೆ ಕೊನೆಗೂ ಕಾಲ ಕೂಡಿಬಂತು.