ಹ್ಯಾಂಡ್ಸಮ್ ಮಾವ

ಮುಂಬಯಿಯ ಯಾವ ಕನ್ನಡ ಸಮಾರಂಭಕ್ಕೆ ಹೋದರೂ ಅವರು ನಿಮಗಿಂತ ಮೊದಲೇ ಬಂದು ಕೂತಿರುತ್ತಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಉಪನ್ಯಾಸವಿರಲಿ, ಮಾಹಿಮ್‌ನ ಕರ್ನಾಟಕ ಸಂಘದ ನಾಟಕವಿರಲಿ, ಕುರ್ಲಾದ ಬಂಟರ ಭವನದ ಮದುವೆಯಿರಲಿ, ಅವರದು ಬಾಗಿಲ ಬದಿಯ ಕುರ್ಚಿ. ವೇದಿಕೆಯ ಮೇಲೆ ಯಾರಿದ್ದಾರೆಂಬುದು ಅವರಿಗೆ ಮುಖ್ಯವಲ್ಲ, ಬಾಗಿಲಲ್ಲಿ ಯಾರ ಮಗ, ಯಾರ ಮಗಳು ಒಳಗೆ ಬಂದರು ಎಂಬುದು ಮುಖ್ಯ. ತೊಡೆಯ ಮೇಲೆ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಬಯೋಡೇಟಾಗಳ ಕಟ್ಟು, ರಬ್ಬರ್ ಬ್ಯಾಂಡು ಹಾಕಿದ್ದು. ಲೋಕವೆಲ್ಲ ವಾಟ್ಸ್ಯಾಪಿಗೆ ಹೋದರೂ ಇವರು ಕಾಗದ ಬಿಟ್ಟಿಲ್ಲ. "ಫೋನಿನಲ್ಲಿ ಫೋಟೋವನ್ನು ಎರಡು ಬೆರಳು ಹಾಕಿ ದೊಡ್ಡದು ಮಾಡಿ ನೋಡ್ತಾರೆ ಮಾರಾಯ್ರೇ. ಹಾಗೆ ನೋಡಿದರೆ ಯಾವ ಸಂಬಂಧ ಉಳೀತದೆ?"

ಇಂಥವರು ಸಂಘಕ್ಕೊಬ್ಬರಾದರೂ ಇರುತ್ತಾರೆ. ನಮ್ಮ ಕಡೆಯವರಿಗೆ ಹ್ಯಾಂಡ್ಸಮ್ ಮಾವ ಎಂದು ಹೆಸರು ಬಿದ್ದಿದೆ. ಅವರೇನೂ ನೋಡಲಿಕ್ಕೆ ಹಾಗಿಲ್ಲ. ಹುಡುಗ ಹೇಗಿದ್ದಾನೆ ಎಂದು ಯಾರು ಕೇಳಿದರೂ ಅವರ ಬಾಯಿಂದ ಬರುವ ಉತ್ತರ ಅದೊಂದೇ: "ಹ್ಯಾಂಡ್ಸಮ್!"

ಅದರ ಉಚ್ಚಾರವನ್ನೂ ಕೇಳಬೇಕು. ಇಂಗ್ಲಿಷರು ಆ ಪದದ ನಡುವಿನ 'ಡ'ಕಾರವನ್ನು ನುಂಗಿ 'ಹ್ಯಾನ್ಸಮ್' ಎನ್ನುತ್ತಾರೆ. ಮಾವ ಮಾತ್ರ ಒಂದು ಅಕ್ಷರವನ್ನೂ ಕೈಬಿಡುವುದಿಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಟೈಪಿಂಗ್ ಕಲಿತು ಆಫೀಸು ಸೇರಿದ ತಲೆಮಾರಿನವರು ಅವರು. ಕಷ್ಟಪಟ್ಟು ಕಲಿತ ಸ್ಪೆಲ್ಲಿಂಗಿನಲ್ಲಿ ಒಂದಕ್ಷರವನ್ನು ಸುಮ್ಮನೆ ಬಿಟ್ಟುಕೊಡಲು ಅವರಿಗೇನು ಹುಚ್ಚೇ?

ನಾನು ಡಿಕ್ಷನರಿ ತೆಗೆದು ನೋಡಿದ್ದೇನೆ. ಆ ಪದಕ್ಕೂ ಚೆಲುವಿಗೂ ಮೊದಲು ಸಂಬಂಧವೇ ಇರಲಿಲ್ಲ. 'ಹ್ಯಾಂಡ್' ಎಂದರೆ ಕೈ, ಆದ್ದರಿಂದ 15ನೇ ಶತಮಾನದಲ್ಲಿ ಹ್ಯಾಂಡ್ಸಮ್ ಎಂದರೆ ಕೈಗೆ ಒಗ್ಗುವಂಥದ್ದು, ಬಳಸಲು ಸಲೀಸಾದದ್ದು. ನಮ್ಮಲ್ಲಿ ಒಳ್ಳೆಯ ಕತ್ತಿಗೋ ಹಾರೆಗೋ ಹೇಳುವ ಮಾತು. 16ನೇ ಶತಮಾನದ ಕೊನೆಗೆ ಬರುವಾಗ ಅದಕ್ಕೆ ಎರಡು ಅರ್ಥ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು: ಒಂದು, ದೊಡ್ಡ ಮೊತ್ತ, ಇನ್ನೊಂದು, ನೋಡಲು ಚಂದ. ಈಗಲೂ ಹ್ಯಾಂಡ್ಸಮ್ ಸ್ಯಾಲರಿ ಎನ್ನುತ್ತೇವಲ್ಲ, ಅದು ಮೊದಲನೆಯದರ ಸಂತಾನ. ಮಾವ ಡಿಕ್ಷನರಿ ನೋಡಿದವರಲ್ಲ, ಆದರೆ ಈ ಮೂರೂ ಅರ್ಥಗಳು ಅವರಿಗೆ ಹೇಗೋ ದಕ್ಕಿವೆ. ಹುಡುಗಿಗೆ ರೂಪ ಬೇಕು, ತಾಯಿಗೆ ದುಡ್ಡು ಬೇಕು ಎಂದು ಹಳೆಯ ಸಂಸ್ಕೃತ ಸುಭಾಷಿತ ಪಾಲು ಮಾಡಿ ಹೇಳುತ್ತದೆ. ಮಾವ ಒಂದೇ ಪದವನ್ನು ಸಭೆಯ ನಡುವೆ ಇಡುತ್ತಾರೆ. ಹುಡುಗಿ ಅದರಲ್ಲಿ ಮುಖ ಕಾಣುತ್ತಾಳೆ, ತಾಯಿ ಪಗಾರ ಕಾಣುತ್ತಾಳೆ, ಅಜ್ಜಿ 'ಹೇಳಿದ ಹಾಗೆ ಕೇಳುವ ಹುಡುಗ' ಎಂದು ತಿಳಿಯುತ್ತಾಳೆ. ಮೂವರೂ ತಲೆಯಾಡಿಸುತ್ತಾರೆ. ನಮ್ಮ 'ಸ್ಫುರದ್ರೂಪಿ'ಯಿಂದ ಇದು ಸಾಧ್ಯವೇ? ಆ ಪದದಲ್ಲಿ ಒಂದು ಮೀಸೆಯ ಹೊರತು ಮತ್ತೇನೂ ಕಾಣುವುದಿಲ್ಲ.

ಅವರ ಬಳಕೆಗೆ ಒಂದು ವ್ಯಾಕರಣವುಂಟು, ಅದು ರೈಲ್ವೇ ನಕ್ಷೆಯ ಮೇಲೆ ನಿಂತಿದೆ. ದಾದರ್, ಮಾಟುಂಗಾ, ಸಾಯನ್‌ಗಳಲ್ಲಿ ಸ್ವಂತ ಫ್ಲ್ಯಾಟ್ ಇದ್ದವರೆಲ್ಲ ಹ್ಯಾಂಡ್ಸಮ್. ವಯಸ್ಸು ನಲವತ್ತೈದಾಗಿರಲಿ, ತಲೆ ಬೋಳಾಗಿರಲಿ, ಅದು ಲೆಕ್ಕಕ್ಕಿಲ್ಲ. ಘಾಟ್ಕೋಪರ್ ದಾಟಿದರೆ ಎರಡು ಬಿಎಚ್‌ಕೆ ಇರಬೇಕು. ಮುಲುಂಡ್‌ವರೆಗೆ ಹೇಗೋ ಎಳೆದುಕೊಂಡು ಬರುತ್ತಾರೆ. ಥಾಣೆ ದಾಟಿತೋ, ಹುಡುಗ ಹ್ಯಾಂಡ್ಸಮ್ ಇದ್ದವ 'ಸ್ಮಾರ್ಟ್' ಆಗುತ್ತಾನೆ. ಡೊಂಬಿವಲಿ, ಕಲ್ಯಾಣದಲ್ಲಿ 'ಗುಣವಂತ'. ಪಶ್ಚಿಮ ರೈಲ್ವೆಯಲ್ಲೂ ಹೀಗೆಯೇ, ಬೋರಿವಲಿಯ ತನಕ ಇಂಗ್ಲಿಷು, ವಿರಾರ್ ಬರುವಾಗ ಅಚ್ಚಗನ್ನಡ. ಬಾಡಿಗೆ ಖೋಲಿಯಲ್ಲಿದ್ದವ ಎಲ್ಲೇ ಇರಲಿ, ಅವನಿಗೆ 'ಸಂಭಾವಿತ' ಎಂದು ಬರೆದು ಚೀಲದ ತಳಕ್ಕೆ ಹಾಕುತ್ತಾರೆ. ಮೂವತ್ತು ವರ್ಷದ ಹಿಂದೆ ನನ್ನ ಬಯೋಡೇಟಾದ ಮೂಲೆಯಲ್ಲಿ ಇದೇ ಮಾವ ಪೆನ್ಸಿಲಿನಲ್ಲಿ ಬರೆದದ್ದು 'ಗುಣವಂತ'. ಆಗ ನಾನು ಹಿಗ್ಗಿದ್ದೆ. ಅರ್ಥವಾದದ್ದು ಮದುವೆಯಾದ ಮೇಲೆ.

ಹುಡುಗಿಯರಿಗೆ ಬೇರೆ ಶಬ್ದಭಂಡಾರ. ಅಲ್ಲಿ 'ಹೋಮ್ಲಿ' ರಾಜ್ಯವಾಳುತ್ತಿತ್ತು. ನಮ್ಮ ಪತ್ರಿಕೆಗಳ ವಧೂವರ ಜಾಹೀರಾತಿನಲ್ಲಿ ಹೋಮ್ಲಿ ಎಂದರೆ ಮನೆವಾರ್ತೆ ಬಲ್ಲವಳು. ಅಮೆರಿಕದಲ್ಲಿ ಅದಕ್ಕೆ ನೋಡಲು ಸಾಧಾರಣ, ಚಂದವಿಲ್ಲ ಎಂಬ ಅರ್ಥ. ಇದು ಗೊತ್ತಿಲ್ಲದೆ ಮಾವ ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಹುಡುಗನೊಬ್ಬನಿಗೆ 'ವೆರಿ ಹೋಮ್ಲಿ' ಎಂದು ಮೂರು ಕಡೆ ಅಡಿಗೆರೆ ಎಳೆದು ಕಳಿಸಿದರು. ಹುಡುಗಿಯ ಮನೆಯವರು ಇಷ್ಟು ಪ್ರಾಮಾಣಿಕರೇ ಎಂದು ಅವನು ಬೆರಗಾದನಂತೆ. ಸಂಬಂಧ ಮುಂದುವರಿಯಲಿಲ್ಲ. ಅಂದಿನಿಂದ ಮಾವ ಆ ಪದ ಬಿಟ್ಟು ಹುಡುಗಿಗೂ ಹ್ಯಾಂಡ್ಸಮ್ ಎಂದೇ ಬರೆಯತೊಡಗಿದರು. ಸಂಘದ ಹುಡುಗರು ಹೊಟ್ಟೆ ಹಿಡಿದು ನಕ್ಕರು. ಪಾಪ, ನಗುವ ಮೊದಲು ಅವರು ಜೇನ್ ಆಸ್ಟಿನ್ನಳ 'ಎಮ್ಮಾ' ತೆರೆದು ನೋಡಬೇಕಿತ್ತು. 1815ರಲ್ಲಿ ಬಂದ ಆ ಕಾದಂಬರಿಯ ಮೊದಲ ವಾಕ್ಯದಲ್ಲೇ ನಾಯಕಿಗೆ ಕೊಟ್ಟ ಮೊದಲ ವಿಶೇಷಣ ಹ್ಯಾಂಡ್ಸಮ್. ಗಂಭೀರ ಚೆಲುವಿನ ಹೆಂಗಸಿಗೆ ಇಂಗ್ಲಿಷಿನಲ್ಲಿ ಅದು ಸಲ್ಲುವ ಮಾತೇ.

ಈ ಪದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರೂ ಇದ್ದಾರೆ. 2005ರಲ್ಲಿ ಕೋಲ್ಕತ್ತದ ಇಮಾಮಿ ಕಂಪನಿ ಗಂಡಸರಿಗೆಂದು 'ಫೇರ್ ಆ್ಯಂಡ್ ಹ್ಯಾಂಡ್ಸಮ್' ಕ್ರೀಮು ತಂದಿತು. 2020ರಲ್ಲಿ ನಮ್ಮ ಮುಂಬಯಿಯ ಹಿಂದುಸ್ತಾನ್ ಯುನಿಲಿವರ್, ಬಿಳುಪಿನ ಮಾತು ಇನ್ನು ನಡೆಯುವುದಿಲ್ಲವೆಂದು 'ಫೇರ್' ತೆಗೆದುಹಾಕಿ ತನ್ನ ಗಂಡಸರ ಕ್ರೀಮಿಗೆ 'ಗ್ಲೋ ಆ್ಯಂಡ್ ಹ್ಯಾಂಡ್ಸಮ್' ಎಂದು ನಾಮಕರಣ ಮಾಡಿತು. ಜಗಳ ಬಾಂಬೆ ಹೈಕೋರ್ಟಿಗೂ ಹೋಯಿತು, ಕಲ್ಕತ್ತಾ ಹೈಕೋರ್ಟಿಗೂ ಹೋಯಿತು. 2024ರ ಏಪ್ರಿಲ್‌ನಲ್ಲಿ ಕಲ್ಕತ್ತಾ ಹೈಕೋರ್ಟು ಆ ಹೆಸರನ್ನು ಬಳಸಬೇಡಿ ಎಂದು ಮುಂಬಯಿ ಕಂಪನಿಗೆ ಹೇಳಿತು. ಮಾವ ಪತ್ರಿಕೆಯಲ್ಲಿ ಇದನ್ನು ಓದಿದವರೇ ನನಗೆ ಫೋನು ಮಾಡಿದರು. ದನಿ ಸಣ್ಣದಾಗಿತ್ತು.

"ಅಲ್ಲ ಮಾರಾಯ್ರೇ, ನಾನು ಬರೆಯಬಹುದೋ? ಇನ್ನೂರೈವತ್ತು ಬಯೋಡೇಟಾ ಉಂಟು."

ಕ್ರೀಮು ಮಾರದಿದ್ದರೆ ತೊಂದರೆಯಿಲ್ಲ ಎಂದು ಧೈರ್ಯ ಹೇಳಿದೆ.

ಹೋದ ತಿಂಗಳು ಅವರು ನಮ್ಮ ಮನೆಗೆ ಬಂದರು. ನನ್ನ ಮಗಳಿಗೆ ಇಪ್ಪತ್ತೇಳು ತುಂಬಿದ್ದು ಅವರ ಲೆಕ್ಕದಲ್ಲಿತ್ತು. ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಸಂಜೆ ಆರರ ಗರ್ದಿಯಲ್ಲಿ ಬಂದ ಮನುಷ್ಯ. ಅಂಗಿಯ ಎರಡು ಗುಂಡಿ ಎಲ್ಲೋ ಕುರ್ಲಾದ ಹತ್ತಿರ ಉಳಿದಿದ್ದವು, ಚೀಲ ಮಾತ್ರ ಸುಕ್ಕಾಗಿರಲಿಲ್ಲ. ನನ್ನವಳು ಚಹಾ, ಗೋಳಿಬಜೆ ತಂದಿಟ್ಟಳು. ಮಾವ ಬೆರಳಿನ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿ, ರಬ್ಬರ್ ಬ್ಯಾಂಡು ಬಿಚ್ಚಿ ಮಣಿಕಟ್ಟಿಗೆ ಹಾಕಿಕೊಂಡರು. ಅದು ಅವರಿಗೆ ಮಂಗಳಸೂತ್ರ ಕಟ್ಟುವಷ್ಟೇ ಗಂಭೀರ ಕೆಲಸ.

"ಇವ ನೋಡಿ. ಹ್ಯಾಂಡ್ಸಮ್. ಮಾಟುಂಗಾ ಭಾವುದಾಜಿ ರೋಡಿನಲ್ಲೇ ಮನೆ."

ಮಗಳು ನೋಡಿದಳು. ಹುಡುಗನ ಅಂಗಿಯ ಕೊರಳು ಅವನ ಕೊರಳನ್ನು ನುಂಗಿತ್ತೋ, ಕೊರಳೇ ಇರಲಿಲ್ಲವೋ. ಹಾಳೆ ಮಗುಚಿದಳು.

"ಇವ ಇನ್ನೂ ಹ್ಯಾಂಡ್ಸಮ್. ಸಾಯನ್. ಎರಡು ಪಾರ್ಕಿಂಗ್."

ಮಗುಚಿದಳು. ಹೀಗೆ ಭಾಂಡುಪ್, ಮುಲುಂಡ್ ಎಲ್ಲ ಹಿಂದೆ ಬಿದ್ದವು. ಮಾವ ಉತ್ಸಾಹ ಕಳೆದುಕೊಳ್ಳುತ್ತ ಬಂದರು. ಗೋಳಿಬಜೆಯ ಕಡೆ ಕೈ ಹೋಗತೊಡಗಿತು. ಕಟ್ಟಿನ ತಳ ಬಂತು. ಬದಲಾಪುರದ ಹುಡುಗ, ಅಲ್ಲೊಂದು ಶಾಲೆಯಲ್ಲಿ ಮಾಸ್ತರ. ಮೂಲೆಯಲ್ಲಿ ಪೆನ್ಸಿಲ್ ಅಕ್ಷರ: 'ಗುಣವಂತ'. ಫೋಟೋದಲ್ಲಿ ಯಾರೋ ನಗಿಸಿದ್ದಕ್ಕೆ ಕಣ್ಣು ಮುಚ್ಚಿ ನಗುತ್ತಿದ್ದ, ಮುಂದಿನ ಒಂದು ಹಲ್ಲು ತುಸು ಸೊಟ್ಟ.

ಮಗಳ ಕೈ ನಿಂತಿತು. "ಅಮ್ಮ, ಇವ್ನು ಕ್ಯೂಟ್ ಇದ್ದಾನೆ."

ನನ್ನವಳು ನನ್ನ ಮುಖ ನೋಡಿದಳು. ನಾನು ಚಹಾದ ಲೋಟ ನೋಡಿದೆ.

ಮಾವ ಬಾಯಲ್ಲಿದ್ದ ಬಜೆಯನ್ನು ಅವಸರದಲ್ಲಿ ನುಂಗಿ, ಜೇಬಿನಿಂದ ಪೆನ್ಸಿಲು ತೆಗೆದು 'ಗುಣವಂತ'ವನ್ನು ಹೊಡೆದುಹಾಕಿದರು. ಹೊಸ ಪದ ಬರೆಯಲು ಹೊರಟವರು ಅರ್ಧದಲ್ಲಿ ನಿಂತು ನನ್ನ ಕಿವಿಯ ಹತ್ತಿರ ಬಾಗಿದರು.

"ಅಲ್ಲ ಮಾರಾಯ್ರೇ, ಈ ಕ್ಯೂಟ್ ಅಂದ್ರೆ ಥಾಣೆಯಿಂದ ಈಚೆಗೋ, ಆಚೆಗೋ?"